ಏರಿಯಿಂದ ಏರಿಗೆ

ಬೆಂಗಳೂರಿನಲ್ಲಿ ಕೆರೆ ನೋಡಲು ಹೊರಟವರು ಈಗ ಕೆರೆಗೆ ಒಂದು ಸುತ್ತು ಹಾಕಿ ಬರುತ್ತಾರೆ. ಸ್ಯಾಂಕಿ ಕೆರೆಯಿರಲಿ, ಜಕ್ಕೂರು, ಅಗರ, ಕೈಕೊಂಡ್ರಹಳ್ಳಿ, ಪುಟ್ಟೇನಹಳ್ಳಿ ಇರಲಿ, ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಏರ್ಪಾಡು: ಬೇಲಿ, ಗೇಟು, ತೆರೆಯುವ ಮುಚ್ಚುವ ಹೊತ್ತನ್ನು ಬರೆದ ಫಲಕ, ನೀರನ್ನು ಬಳಸಿಕೊಂಡು ಹೋಗಿ ಹೊರಟಲ್ಲಿಗೇ ಬಂದು ಸೇರುವ ಹಾದಿ. ಬೆಳಗಿನ ಹೊತ್ತು ಅಲ್ಲಿ ನಡೆಯುವವರಿಗೆ, ಗೇಟಿನ ಬಳಿ ಸೈಕಲ್ ನಿಲ್ಲಿಸಿ ಒಳಗೆ ಬರುವವರಿಗೆ ನೀರು, ಹಕ್ಕಿ, ಮರದ ನೆರಳು ಸಿಗುತ್ತವೆ. ಈ ನಗರದಲ್ಲಿ ಇಷ್ಟು ಸಿಕ್ಕುವುದೇ ದೊಡ್ಡದು. ಆದರೆ ಈ ಸುತ್ತುಹಾದಿ ತೀರ ಇತ್ತೀಚಿನದು. ಸಾವಿರ ವರ್ಷಕ್ಕೂ ಮೇಲ್ಪಟ್ಟು ಜನ ಇಲ್ಲಿ ನಡೆದದ್ದು ಬೇರೆ ದಾರಿಯಲ್ಲಿ. ಅವರು ಏರಿ ಹತ್ತಿ, ಕೋಡಿಯ ಬಳಿ ಇಳಿದು, ಕಾಲುವೆಯ ಗುಂಟ ಸಾಗಿ ಮುಂದಿನ ಊರಿನ ಕೆರೆ ತಲುಪುತ್ತಿದ್ದರು. ಆ ದಾರಿ ಹೊರಟಲ್ಲಿಗೆ ಮರಳುತ್ತಿರಲಿಲ್ಲ, ನೀರಿನ ಹಿಂದೆ ಇಳಿಜಾರಿಗೆ ಹೋಗುತ್ತಿತ್ತು. ನಮ್ಮ ಕೆರೆಗಳ ಚರಿತ್ರೆಯನ್ನು ಓದಬೇಕಾದದ್ದು ಆ ದಾರಿಯಲ್ಲಿ. ಒಂದೊಂದು ಕೆರೆಗೂ ಒಂದೊಂದು ಬಳೆ ತೊಡಿಸಿ, ಇನ್ನು ಕೆರೆ ಉಳಿಯಿತೆಂದು ನಾವು ನಂಬಿದ್ದರಿಂದ, ಒಂದು ಕೆರೆಗೂ ಇನ್ನೊಂದು ಕೆರೆಗೂ ಇದ್ದ ನಂಟು ಕಣ್ಣಿಂದ ಮರೆಯಾಗಿದೆ ಎಂಬುದು ಈ ಬರಹದ ವಾದ.

ಮೊದಲು ಕೆರೆಯ ರೂಪವನ್ನೇ ನೋಡಬೇಕು. ದಕ್ಷಿಣ ಕರ್ನಾಟಕದ ಬಯಲುಸೀಮೆಯ ಕೆರೆ ತಾನಾಗಿ ಹುಟ್ಟಿದ ಸರೋವರವಲ್ಲ. ಹರಿಯುವ ಹಳ್ಳಕ್ಕೆ ಅಡ್ಡಲಾಗಿ ಒಂದು ಬದಿಗೆ ಮಣ್ಣಿನ ಏರಿ ಹಾಕಿ ನಿಲ್ಲಿಸಿದ ಮಳೆನೀರು. ಏರಿಯ ಒಳಮೈಗೆ ಅಲೆ ಹೊಡೆತ ತಡೆಯಲು ಕಲ್ಲುಕಟ್ಟು, ಹೊರಮೈಗೆ ಮಣ್ಣಿನ ಇಳಿಜಾರು. ಏರಿಯ ನಡುವೆ, ಆಳ ಹೆಚ್ಚಿರುವ ಕಡೆ, ಗದ್ದೆಗೆ ನೀರು ಬಿಡುವ ತೂಬು. ಒಂದು ತುದಿಗೆ, ತುಂಬಿ ಹೆಚ್ಚಾದ ನೀರು ಏರಿಗೆ ಪೆಟ್ಟು ಕೊಡದೆ ಹೊರಬೀಳಲು ಕೋಡಿ. ಏರಿಯ ಕೆಳಗೆ ಅಚ್ಚುಕಟ್ಟು: ಗದ್ದೆ, ತೆಂಗು, ಅಡಿಕೆ, ಎಲೆತೋಟ. ಏರಿಗೆ ಎದುರಾದ ಬದಿಯಲ್ಲಿ ಕಟ್ಟು ಎಂಬುದೇ ಇಲ್ಲ. ಅಲ್ಲಿ ನೆಲ ಮೆಲ್ಲಗೆ ಏರುತ್ತ ಹೋಗಿ ಗೋಮಾಳವಾಗುತ್ತದೆ, ಹೊಲವಾಗುತ್ತದೆ. ನೀರು ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಆ ವರ್ಷದ ಮಳೆ ತೀರ್ಮಾನಿಸುತ್ತದೆ. ಭಾದ್ರಪದದಲ್ಲಿ ನೀರು ನಿಂತಿದ್ದ ಜಾಗದಲ್ಲಿ ಮಾಘಕ್ಕೆ ದನ ಮೇಯುತ್ತಿರುತ್ತವೆ. ಹೀಗೆ ಕೆರೆಗೆ ಒಂದು ಗಟ್ಟಿ ಅಂಚೂ ಒಂದು ಅಲೆಯುವ ಅಂಚೂ ಇರುತ್ತವೆ. ಹಳೆಯ ಕಾಲದಲ್ಲಿ ದಾರಿಯಾದದ್ದು ಗಟ್ಟಿ ಅಂಚು ಮಾತ್ರ. ಅಲೆಯುವ ಅಂಚಿನಲ್ಲಿ ಯಾರೂ ದಾರಿ ಹಾಕಲಿಲ್ಲ, ಹಾಕಿದ್ದರೂ ಅದು ವರ್ಷದಲ್ಲಿ ಕೆಲವು ತಿಂಗಳು ನೀರಿನಡಿ ಇರುತ್ತಿತ್ತು.

ಏರಿ ದಾರಿಯಾದದ್ದಕ್ಕೆ ಬಲವಾದ ಕಾರಣಗಳಿದ್ದವು. ಊರಿನ ತಗ್ಗಿನಲ್ಲಿ ಎತ್ತರವಾದ, ಮಳೆಗಾಲದಲ್ಲೂ ಕಾಲು ಹೂತುಹೋಗದ ನೆಲವೆಂದರೆ ಅದೊಂದೇ. ಹಳ್ಳ ದಾಟಲು ಬೇರೆ ಸೇತುವೆ ಇರಲಿಲ್ಲ. ಆದ್ದರಿಂದ ಗಾಡಿದಾರಿಗಳು ಕೆರೆಯಿಂದ ಕೆರೆಗೆ ಏರಿ ಹಿಡಿದು ಸಾಗಿದವು, ಮುಂದೆ ಅವೇ ರಸ್ತೆಗಳಾದವು. ಇಂದಿಗೂ ಬಯಲುಸೀಮೆಯ ಎಷ್ಟೋ ಬಸ್ಸುಗಳು ಊರು ಸೇರುವ ಮುನ್ನ ಕೆರೆಯೇರಿಯ ಮೇಲೆ ಒಂದು ತಿರುವು ತೆಗೆದುಕೊಳ್ಳುತ್ತವೆ. ಏರಿಯ ಮೇಲೆ ಅಥವಾ ಕೋಡಿಯ ಪಕ್ಕದಲ್ಲಿ ಗಂಗಮ್ಮ, ದುಗ್ಗಮ್ಮ, ಕೋಡಮ್ಮ ಎಂಬ ಹೆಸರಿನಲ್ಲಿ ಒಬ್ಬ ದೇವತೆ ಇದ್ದೇ ಇರುತ್ತಾಳೆ. ಕೆರೆ ತುಂಬಿದ ವರ್ಷ ಅಲ್ಲಿ ಪೂಜೆ, ಬಾಗಿನ, ಕೆಲವೆಡೆ ತೆಪ್ಪೋತ್ಸವ. ಆದರೆ ಏರಿಯ ಮೇಲೆ ದಿನವೂ ತಪ್ಪದೆ ನಡೆಯುತ್ತಿದ್ದವನು ನೀರಗಂಟಿ. ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಸರದಿ ಬಿಡುವುದು ಅವನ ಕೆಲಸವೆಂದು ಎಲ್ಲರಿಗೂ ಗೊತ್ತು. ಅದರಷ್ಟೇ ಮುಖ್ಯವಾದದ್ದು ಅವನ ನಡಿಗೆ. ಏರಿಯಲ್ಲಿ ಹೆಗ್ಗಣ ತೋಡಿದ ಬಿಲವಿದೆಯೇ, ಹೊರಮೈಯಲ್ಲಿ ನೀರು ಜಿನುಗುತ್ತಿದೆಯೇ, ಮರದ ಬೇರು ಕಲ್ಲುಕಟ್ಟನ್ನು ಸಡಿಲಿಸಿದೆಯೇ, ಮೇಲಿನ ಕಾಲುವೆಯಲ್ಲಿ ಮುಳ್ಳು ಕಸ ಕಟ್ಟಿಕೊಂಡಿದೆಯೇ ಎಂದು ನೋಡಿಕೊಂಡು ಬರುವುದು. ಮಣ್ಣಿನ ಏರಿ ಒಡೆಯುವುದು ಒಂದೇ ರಾತ್ರಿಯಲ್ಲಿ, ಅದರ ಸೂಚನೆ ಕಾಣುವುದು ಹಲವು ದಿನ ಮೊದಲು. ನಡೆಯುವವನಿಲ್ಲದ ಏರಿ ಉಳಿಯುವುದಿಲ್ಲ. ಕೆರೆದಡದ ನಡಿಗೆ ಇಂದಿನ ಆರೋಗ್ಯದ ಹವ್ಯಾಸವಾಗುವ ಮೊದಲು ಕೆರೆಯ ಆರೋಗ್ಯಕ್ಕೇ ಬೇಕಾದ ಕೆಲಸವಾಗಿತ್ತು.

ಈ ಕೆಲಸಕ್ಕೆ ಖರ್ಚು ಎಲ್ಲಿಂದ ಬರುತ್ತಿತ್ತು ಎಂಬುದಕ್ಕೆ ಶಾಸನಗಳಲ್ಲಿ ಉತ್ತರ ಹೇರಳವಾಗಿದೆ. ಕೆರೆ ಕಟ್ಟಿಸಿದವರ ಹೆಸರು ಹೇಳುವ ಶಾಸನಗಳು ಬಹಳ ಹಳೆಯವು. ನಾಲ್ಕನೆಯ ಶತಮಾನದ ಕದಂಬ ಮಯೂರಶರ್ಮನ ಚಂದ್ರವಳ್ಳಿ ಶಾಸನ ಹೇಳುವುದೇ ಕೆರೆಯ ಕೆಲಸವನ್ನು. ತಾಳಗುಂದದ ಕಂಬದ ಶಾಸನವೂ ಕಾಕುಸ್ಥವರ್ಮ ಕೆರೆ ಕಟ್ಟಿಸಿದ್ದನ್ನು ದಾಖಲಿಸುತ್ತದೆ. ಈಗಿನ ಬೆಂಗಳೂರಿನೊಳಗೇ, ಅಗರದಲ್ಲಿರುವ ಗಂಗರ ಕಾಲದ ಶಾಸನ ಎರಡು ಕೆರೆಗಳಿಗೆ ತೂಬು ಇಡಿಸಿ ಮೂರನೆಯ ಕೆರೆ ಕಟ್ಟಿಸಿದ ಸಂಗತಿಯನ್ನು ಹೇಳುತ್ತದೆ. ಅಂದರೆ ಒಂಬತ್ತನೆಯ ಶತಮಾನಕ್ಕಾಗಲೇ ಅಲ್ಲಿ ಕೆರೆಗಳು ಒಂಟಿಯಾಗಿರಲಿಲ್ಲ. ಆದರೆ ಕಟ್ಟಿಸಿದವರ ಹೊಗಳಿಕೆಗಿಂತ ಹೆಚ್ಚು ಗಮನಿಸಬೇಕಾದದ್ದು ಕಟ್ಟಿದ ಮೇಲಿನ ಏರ್ಪಾಡು. ಬಿತ್ತುವಟ್ಟ, ಕಟ್ಟುಕೊಡಗಿ, ದಶವಂದ ಎಂಬ ಹೆಸರುಗಳಲ್ಲಿ ಕೆರೆ ಕಟ್ಟಿದವರಿಗೆ, ಕಾಯುವವರಿಗೆ ಅಚ್ಚುಕಟ್ಟಿನಲ್ಲಿ ಭೂಮಿ ಅಥವಾ ಫಸಲಿನ ಪಾಲು. ಹೂಳು ಹೊರುವ ಬಂಡಿಗೆ, ಬಂಡಿ ಎಳೆಯುವ ಕೋಣಗಳಿಗೆ, ಬಂಡಿ ಹೊಡೆಯುವವನಿಗೆ ಬೇರೆ ಬೇರೆಯಾಗಿ ದತ್ತಿ ಬಿಟ್ಟ ಉದಾಹರಣೆಗಳಿವೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಹಾಕಿಸಿದ ಶಾಸನ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರುವ ಆರು ದೋಷಗಳನ್ನೂ ಪಟ್ಟಿ ಮಾಡುತ್ತದೆ. ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ದುಡಿಮೆ ಎಂಬ ಲೆಕ್ಕವನ್ನೂ ಕೊಡುತ್ತದೆ. ಪುಣ್ಯದ ಮಾತಿನೊಳಗೆ ಇಷ್ಟೊಂದು ಲೆಕ್ಕಾಚಾರ ಇರುವುದರ ಅರ್ಥ ಸ್ಪಷ್ಟ. ಕೆರೆ ಕಟ್ಟುವುದು ಒಂದು ಸಲದ ಕೆಲಸ, ಕಾಯುವುದು ಮುಗಿಯದ ಕೆಲಸ ಎಂಬುದು ಅವರಿಗೆ ತಿಳಿದಿತ್ತು.

ಇನ್ನು ಕೆರೆಗಳ ಸರಣಿಯ ವಿಚಾರ. ಬೆಂಗಳೂರು ನಿಂತಿರುವುದು ದಿಣ್ಣೆಯ ಮೇಲೆ. ಇಲ್ಲಿ ದೊಡ್ಡ ನದಿಯಿಲ್ಲ, ಬಿದ್ದ ಮಳೆಯೆಲ್ಲ ಮೂರು ದಿಕ್ಕಿಗೆ ಜಾರುತ್ತದೆ. ಹೆಬ್ಬಾಳ ಕಣಿವೆಯ ನೀರೂ ಕೋರಮಂಗಲ ಚಲ್ಲಘಟ್ಟ ಕಣಿವೆಯ ನೀರೂ ದಕ್ಷಿಣ ಪಿನಾಕಿನಿ ಸೇರಿದರೆ, ವೃಷಭಾವತಿ ಕಣಿವೆಯ ನೀರು ಅರ್ಕಾವತಿಯ ಮೂಲಕ ಕಾವೇರಿ ಸೇರುತ್ತದೆ. ಈ ಮೂರು ಇಳಿಜಾರುಗಳಲ್ಲಿ ಹಳ್ಳದ ಪ್ರತಿ ತಗ್ಗಿಗೂ ಒಂದು ಏರಿ ಬಿದ್ದಿದೆ. ಯಲಹಂಕದ ಕಡೆಯ ನೀರು ಜಕ್ಕೂರಿಗೆ, ಜಕ್ಕೂರಿನ ಕೋಡಿ ರಾಚೇನಹಳ್ಳಿಗೆ, ಅದರ ಮುಂದೆ ಕಲ್ಕೆರೆ, ಎಲೆ ಮಲ್ಲಪ್ಪ ಶೆಟ್ಟಿ ಕೆರೆ. ಇತ್ತ ಮಡಿವಾಳದಿಂದ ಅಗರಕ್ಕೆ, ಅಗರದಿಂದ ಬೆಳ್ಳಂದೂರಿಗೆ, ಬೆಳ್ಳಂದೂರಿನಿಂದ ವರ್ತೂರಿಗೆ. 1866ರ ಸುಮಾರಿಗೆ ಮೈಸೂರು ಸೀಮೆಯ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ, ಈ ಸೀಮೆಯಲ್ಲಿ ಕೆರೆಗಳ ಸರಣಿಯನ್ನು ಎಷ್ಟರ ಮಟ್ಟಿಗೆ ಹೆಣೆದಿದ್ದಾರೆಂದರೆ ಹೊಸ ಕೆರೆಗೆ ಜಾಗ ಹುಡುಕುವುದಕ್ಕೇ ಜಾಣ್ಮೆ ಬೇಕು ಎಂಬ ಅಭಿಪ್ರಾಯ ದಾಖಲಿಸಿದ. ಹೊಸ ಕೆರೆ ಕಟ್ಟಿದರೆ ಅದು ಕೆಳಗಿನ ಯಾವುದೋ ಹಳೆಯ ಕೆರೆಯ ನೀರನ್ನೇ ಕಸಿದುಕೊಳ್ಳುತ್ತದೆ ಎಂಬುದು ಅವನ ಮಾತಿನ ಒಳಗುಟ್ಟು. ಸರಣಿಯಲ್ಲಿ ಯಾವ ಕೆರೆಯೂ ಸ್ವತಂತ್ರವಲ್ಲ. ಮೇಲಿನ ಊರಿನವರು ಕೋಡಿ ಎತ್ತರಿಸಿದರೆ ಕೆಳಗಿನ ಊರಿಗೆ ಬರ, ಮೇಲಿನ ಏರಿ ಒಡೆದರೆ ಕೆಳಗಿನ ಏರಿಗೂ ಕಂಟಕ. ಆದ್ದರಿಂದ ಕಾಲುವೆಯ ಗುಂಟ ನಡೆದು ಮೇಲಿನ ಕೆರೆ ನೋಡಿಕೊಂಡು ಬರುವುದು ಕೆಳಗಿನ ಊರಿನವರ ಹಕ್ಕೂ ಆಗಿತ್ತು, ಹೆದರಿಕೆಯೂ ಆಗಿತ್ತು. ಏರಿ ಒಡೆದರೆ ಏನಾಗುತ್ತದೆಂಬುದು ಅರಸರಿಗೂ ಗೊತ್ತಿತ್ತು. ಮೈಸೂರಿನ ಯುದ್ಧಗಳ ಕಾಲದಲ್ಲಿ ಟಿಪ್ಪು ಸುಲ್ತಾನ್, ಶತ್ರುಸೇನೆಗೆ ನೀರು ದಕ್ಕಬಾರದೆಂದು ತೊಣ್ಣೂರು ಕೆರೆಯ ಏರಿಯನ್ನೇ ಒಡೆಸಿದ; ಅವನು ಮಡಿದ ಮೇಲೆ ಅದನ್ನು ಮತ್ತೆ ಕಟ್ಟಬೇಕಾಯಿತು.

ಏರಿಗೆ ಎದುರಾದ ಆ ಅಲೆಯುವ ಅಂಚಿನ ಕಥೆಯನ್ನು ಶಾಸನಗಳು ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅಲ್ಲಿ ದತ್ತಿ ಬಿಡುವಂಥ ಗದ್ದೆಯಿರಲಿಲ್ಲ, ದತ್ತಿ ಬಿಡುವಂಥ ಜನರೂ ಅಲ್ಲಿಗೆ ಹೋಗುತ್ತಿರಲಿಲ್ಲ. ಹೋಗುತ್ತಿದ್ದವರು ದನ ಕಾಯುವವರು, ಜೊಂಡು ಕೊಯ್ಯುವವರು, ಬಟ್ಟೆ ಒಗೆಯುವವರು, ಮೀನು ಹಿಡಿಯುವವರು, ಹೊನಗೊನ್ನೆ ಒಂದೆಲಗದಂಥ ಸೊಪ್ಪು ಕಿತ್ತು ಮಡಿಲು ತುಂಬಿಕೊಳ್ಳುವ ಹೆಂಗಸರು. ನೀರು ಹಿಂದೆ ಸರಿದ ಮೇಲೆ ಕೆರೆಯಂಗಳದ ಜೇಡಿ ಕುಂಬಾರರಿಗೆ, ಹೂಳು ರೈತರ ಹೊಲಕ್ಕೆ. ಬೇಸಗೆಯಲ್ಲಿ ಗಾಡಿ ಕಟ್ಟಿ ಹೂಳು ಹೊಡೆಯುವುದು ಎರಡು ಕೆಲಸವನ್ನು ಒಟ್ಟಿಗೆ ಮಾಡುತ್ತಿತ್ತು: ಹೊಲಕ್ಕೆ ಗೊಬ್ಬರ, ಕೆರೆಗೆ ಆಳ. ಹಕ್ಕಿಗಳ ಲೆಕ್ಕದಲ್ಲೂ ಕೆರೆಯ ಶ್ರೀಮಂತ ಭಾಗ ಇದೇ. ಗದ್ದೆಗೊರವ, ಟಿಟ್ಟಿಭ, ಕೊಕ್ಕರೆಗಳಿಗೆ ಬೇಕಾದದ್ದು ಆಳದ ನೀರಲ್ಲ, ಕಾಲು ಮುಳುಗುವಷ್ಟು ನೀರಿರುವ ಕೆಸರು. ಏರಿಯ ಕಡೆ ನಿಂತು ನೋಡಿದರೆ ಕೆರೆ ಒಂದು ಜಲಾಶಯ. ಆ ಬದಿಯಿಂದ ನೋಡಿದರೆ ವರ್ಷಕ್ಕೊಮ್ಮೆ ನೀರು ಬಂದು ಹೋಗುವ ಒಂದು ನೆಲ. ಎರಡೂ ಸೇರಿ ಕೆರೆ.

ಈ ಏರ್ಪಾಡು ಮುರಿದದ್ದು ಒಂದೇ ಏಟಿಗಲ್ಲ. ಬ್ರಿಟಿಷ್ ಕಮಿಷನರರ ಆಳ್ವಿಕೆಯಲ್ಲಿ, 1856ರಲ್ಲಿ, ಲೋಕೋಪಯೋಗಿ ಇಲಾಖೆ ಬಂದು ದೊಡ್ಡ ಕೆರೆಗಳು ಎಂಜಿನಿಯರುಗಳ ಕೈಗೆ ಹೋದವು. 1911ರಲ್ಲಿ ಮೈಸೂರು ಸರ್ಕಾರ ಕೆರೆ ಪಂಚಾಯಿತಿಗಳ ಕಾಯ್ದೆ ಮಾಡಿದ್ದೇ ಊರಿನವರ ಕೈ ಸಡಿಲಾಗುತ್ತಿದೆ ಎಂಬುದಕ್ಕೆ ಸಾಕ್ಷಿ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯೊಂದಿಗೆ ನೀರಗಂಟಿಯದರಂಥ ವಂಶಪಾರಂಪರ್ಯದ ಕೆಲಸಗಳ ಕಾಲ ಮುಗಿಯಿತು. ಆದರೆ ಬೆಂಗಳೂರಿನ ಮಟ್ಟಿಗೆ ನಿಜವಾದ ತಿರುವು ಕೊಳಾಯಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದಿಂದ ನಗರಕ್ಕೆ ಕೊಳವೆಯಲ್ಲಿ ನೀರು ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿ, ಆಮೇಲೆ ಕಾವೇರಿ. ಮನೆಯ ನಲ್ಲಿಯಲ್ಲಿ ದೂರದ ನೀರು ಬಂದ ಮೇಲೆ ಹತ್ತಿರದ ಕೆರೆ ಬರೀ ಖಾಲಿ ಜಾಗವಾಗಿ ಕಾಣತೊಡಗಿತು. ಧರ್ಮಾಂಬುಧಿ ಕೆರೆಯ ಅಂಗಳ ಮೆಜೆಸ್ಟಿಕ್‌ನ ಬಸ್ ನಿಲ್ದಾಣವಾಯಿತು. ತಿಗಳ ತೋಟಗಾರರು ಸುತ್ತ ತರಕಾರಿ ಹೂವು ಬೆಳೆಯುತ್ತಿದ್ದ ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕರಗದ ಆಚರಣೆಗೆಂದು ಅದರ ಒಂದು ತುಣುಕು ಮಾತ್ರ ಉಳಿಯಿತು. ಶೂಲೆ ಕೆರೆಯಲ್ಲಿ ಫುಟ್‌ಬಾಲ್ ಮೈದಾನ, ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ ಮೈದಾನ, ಕೋರಮಂಗಲದ ಕೆರೆಯಲ್ಲಿ ರಾಷ್ಟ್ರೀಯ ಕ್ರೀಡಾಕೂಟದ ವಸತಿ ಸಮುಚ್ಚಯ. ಅಚ್ಚುಕಟ್ಟಿನ ಗದ್ದೆಗಳು ಬಡಾವಣೆಗಳಾದ ಮೇಲೆ ತೂಬಿಗೆ ಕೆಲಸವಿಲ್ಲ, ತೂಬಿಗೆ ಕೆಲಸವಿಲ್ಲದ ಮೇಲೆ ನೀರಗಂಟಿಗೂ ಇಲ್ಲ. ಕೆರೆಯಿಂದ ಕೆರೆಗೆ ನೀರು ಒಯ್ಯುತ್ತಿದ್ದ ರಾಜಕಾಲುವೆ ಮಾತ್ರ ಉಳಿಯಿತು, ಕೊಳಚೆ ಹೊರುವುದಕ್ಕೆ.

ಈ ನಷ್ಟಕ್ಕೆ ಹೆದರಿಯೇ ಸುತ್ತುಹಾದಿ ಹುಟ್ಟಿತು. 1980ರ ದಶಕದ ಮಧ್ಯದಲ್ಲಿ ಎನ್. ಲಕ್ಷ್ಮಣರಾವ್ ಸಮಿತಿ ನಗರದ ಕೆರೆಗಳ ಪರಿಸ್ಥಿತಿ ಪರಿಶೀಲಿಸಿ ಉಳಿದವನ್ನು ಉಳಿಸಿಕೊಳ್ಳಬೇಕೆಂದು ವರದಿ ಕೊಟ್ಟಿತು. ಉಳಿಸಿಕೊಳ್ಳಬೇಕಾದರೆ ಗಡಿ ಗುರುತಿಸಬೇಕು, ಗಡಿ ಕಾಣಬೇಕಾದರೆ ಏನನ್ನಾದರೂ ಕಟ್ಟಬೇಕು. ಕಟ್ಟಿದ್ದು ಎಲ್ಲ ಬದಿಗೂ ಏರಿ, ಅದರ ಮೇಲೆ ಹಾದಿ, ಆಚೆ ಬೇಲಿ. ಮಾದರಿಯೂ ಕಣ್ಣೆದುರೇ ಇತ್ತು. ಸರಣಿಯನ್ನು ಅಷ್ಟು ಚೆನ್ನಾಗಿ ಅರಿತಿದ್ದ ಸ್ಯಾಂಕಿಯೇ 1882ರಲ್ಲಿ ಗಂಧದ ಕೋಠಿಯ ಬಳಿ ಕಟ್ಟಿಸಿದ, ಈಗ ಅವನ ಹೆಸರಿನಲ್ಲೇ ಇರುವ ಕೆರೆ. ಅದು ಗದ್ದೆಗೆಂದು ಕಟ್ಟಿದ್ದಲ್ಲ, 1876ರಿಂದ 1878ರವರೆಗಿನ ದೊಡ್ಡ ಕ್ಷಾಮದ ಬೆನ್ನಿಗೆ ನಗರದ ನೀರಿಗೆಂದು ಕಟ್ಟಿದ್ದು. ಅಂಥ ಕೆರೆಗೆ ಸುತ್ತ ಮೆಟ್ಟಿಲು, ಉದ್ಯಾನ, ನಡಿಗೆಯ ಹಾದಿ ಹೊಂದುತ್ತದೆ. ತೊಂದರೆ ಬಂದದ್ದು ಆ ಹೊಂದಾಣಿಕೆಯನ್ನು ನಗರದ ಅಂಚಿನ ಹಳ್ಳಿಯ ಕೆರೆಗಳಿಗೂ ಹಾಗೆಯೇ ಹಚ್ಚಿದಾಗ.

ಕೆರೆಯನ್ನು ಚೆಲುವಿಗಾಗಿ ನೋಡುವುದು ಹೊಸದೇನಲ್ಲ ಎಂದು ಇಲ್ಲಿ ಯಾರಾದರೂ ತಡೆಯಬಹುದು. ನಿಜ. ನಮ್ಮ ಹಳೆಯ ಕಾವ್ಯಗಳಲ್ಲಿ ತಾವರೆಗೆರೆಯ ವರ್ಣನೆಯಿಲ್ಲದ ಊರಿಲ್ಲ. ಮೈಸೂರಿನ ಅರಸರು ತಮ್ಮ ನಗರವನ್ನು ಕೆರೆಗಳಿಂದ ಅಲಂಕರಿಸಿದರು. ಲಿಂಗಾಂಬುಧಿ ಕೆರೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ರಾಣಿಯ ನೆನಪಿಗೆ ಕಟ್ಟಿಸಿದರು. ಅವರ ಕಾಲದ್ದೇ ಆದ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲಿನ ಕುವೆಂಪು ಅವರ ನಡಿಗೆ ಕನ್ನಡ ಸಾಹಿತ್ಯದ ಚರಿತ್ರೆಗೇ ಸೇರಿಹೋಗಿದೆ. ಧಾರವಾಡದ ಬೇಂದ್ರೆಯವರ ಹೆಸರಿನೊಂದಿಗೆ ಸಾಧನಕೇರಿ ಬಿಡಿಸಲಾಗದಂತೆ ಬೆಸೆದುಕೊಂಡಿದೆ. ಕೆರೆದಡದಲ್ಲಿ ಸುಮ್ಮನೆ ನಡೆಯುವ ಸುಖವನ್ನು ಕೀಳೆಂದು ಹೇಳುವ ಉದ್ದೇಶ ಈ ಬರಹಕ್ಕೆ ಖಂಡಿತ ಇಲ್ಲ. ಆದರೆ ಆ ಚೆಲುವು ಎಲ್ಲಿಂದ ಬಂತು ಎಂಬುದನ್ನು ಗಮನಿಸಬೇಕು. ಕುಕ್ಕರಹಳ್ಳಿಗೂ ಊರಿನ ಆಚೆಯ ದಿಣ್ಣೆಗಳ ನೀರು ಕಾಲುವೆಯಲ್ಲೇ ಬರಬೇಕಿತ್ತು. ದಿವಾನ್ ಪೂರ್ಣಯ್ಯನವರ ಹೆಸರಿನ ನಾಲೆ ಅದಕ್ಕೆ ಮಳೆನೀರು ತರುತ್ತಿತ್ತು. ನಾಲೆಯ ದಾರಿಯಲ್ಲಿ ಬಡಾವಣೆಗಳು ಎದ್ದ ಮೇಲೆ ಕೆರೆಯ ಚಿಂತೆಯೂ ಶುರುವಾಯಿತು. ಕಣ್ಣಿಗೆ ಕಾಣುವ ಚೆಲುವನ್ನು ಕಣ್ಣಿಗೆ ಕಾಣದ ಮೈಲಿಗಟ್ಟಲೆ ನೆಲ ಸಾಕುತ್ತಿರುತ್ತದೆ. ಒಂದು ಸುತ್ತಿನಲ್ಲಿ ಮುಗಿಯುವ ನಡಿಗೆಗೆ ಆ ನೆಲ ಎದುರಾಗುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಮತ್ತೊಂದಿದೆ. ಬೇಲಿ ಹಾಕದಿದ್ದರೆ ಕೆರೆಯೇ ಇರುತ್ತಿರಲಿಲ್ಲ, ಸುತ್ತುಹಾದಿಯಲ್ಲಿ ನಡೆಯುವವರೇ ಕೆರೆಯ ಕಾವಲುಗಾರರು ಎಂಬ ಮಾತು ಅದು. ಇದನ್ನು ಅಲ್ಲಗಳೆಯುವಂತಿಲ್ಲ. ಪುಟ್ಟೇನಹಳ್ಳಿಯಲ್ಲಿ, ಕೈಕೊಂಡ್ರಹಳ್ಳಿಯಲ್ಲಿ ಅಕ್ಕಪಕ್ಕದ ನಿವಾಸಿಗಳು ಸೇರಿ, ಪಾಲಿಕೆಯ ಹಿಂದೆ ಬಿದ್ದು, ಒಣಗಿಹೋಗಿದ್ದ ಅಂಗಳಕ್ಕೆ ನೀರು ಮರಳುವಂತೆ ಮಾಡಿದರು. ಹೆಬ್ಬಾಳ, ನಾಗವಾರದಂಥ ಕೆರೆಗಳನ್ನು ಕೆರೆ ಅಭಿವೃದ್ಧಿ ಪ್ರಾಧಿಕಾರ ಖಾಸಗಿಯವರಿಗೆ ಗುತ್ತಿಗೆ ಕೊಟ್ಟಾಗ ವಿಷಯವನ್ನು ಹೈಕೋರ್ಟಿಗೆ ಒಯ್ದದ್ದೂ ಜನರೇ. ನೀರಗಂಟಿ ಇಲ್ಲದ ಏರಿಗೆ ದಿನವೂ ಕಣ್ಣಿಟ್ಟಿರುವವರು ಇವರು. ಆ ಅರ್ಥದಲ್ಲಿ ಬೆಳಗಿನ ನಡಿಗೆ ಹಳೆಯ ನಡಿಗೆಯ ವಾರಸುದಾರ. ಆದರೂ ಎರಡು ಸಂಗತಿಗಳನ್ನು ಹೇಳಲೇಬೇಕು. ಎಲ್ಲ ಬದಿಗೂ ಏರಿ ಬಂದಾಗ ಅಲೆಯುವ ಅಂಚು ಸತ್ತುಹೋಗುತ್ತದೆ. ಆಳವಿಲ್ಲದ ಕೆಸರು ಹೋಗಿ, ಅದರೊಂದಿಗೆ ಕೆಸರಿನ ಹಕ್ಕಿಗಳೂ ಜೊಂಡೂ ಸೊಪ್ಪೂ ಹೋಗುತ್ತವೆ, ದನ ತರುವವರಿಗೆ ಗೇಟು ಅಡ್ಡವಾಗುತ್ತದೆ. ಎರಡನೆಯದು, ಬೇಲಿ ಒತ್ತುವರಿ ಮಾಡುವವನನ್ನು ತಡೆದೀತು, ನೀರನ್ನು ತಡೆಯಲಾರದು. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ 2015ರಲ್ಲಿ ನೊರೆ ಕಾರಿತು, 2018ರ ಜನವರಿಯಲ್ಲಿ ಹೊತ್ತಿ ಉರಿಯಿತು. ಅದಕ್ಕೆ ಕಾರಣ ಆ ಕೆರೆಯ ದಡದಲ್ಲಷ್ಟೇ ಇರಲಿಲ್ಲ. ನಗರದ ನಡುವಿನಿಂದ ಕಣಿವೆಯುದ್ದಕ್ಕೂ ಇಳಿದು ಬಂದ ಕೊಳಚೆ ಅಲ್ಲಿ ತಂಗಿತ್ತು, ವರ್ತೂರಿನಲ್ಲೂ ಅದೇ ನೊರೆ ಎದ್ದಿತು. ಸರಣಿಯ ನಂಟನ್ನು ನಾವು ಮರೆತರೂ ನೀರು ಮರೆಯಲಿಲ್ಲ.

ಹಳೆಯ ಏರ್ಪಾಡನ್ನು ಹೀಗೆ ಹೊಗಳುವುದರಲ್ಲಿ ಅದರ ಕ್ರೌರ್ಯ ಮುಚ್ಚಿಹೋಗುತ್ತದೆ ಎಂಬ ಆಕ್ಷೇಪಕ್ಕೂ ಉತ್ತರ ಬೇಕು. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಹೊಸಪೇಟೆಯ ಬಳಿ ಕಟ್ಟುತ್ತಿದ್ದ ಕೆರೆಯಲ್ಲಿ ಹದಿನೈದು ಇಪ್ಪತ್ತು ಸಾವಿರ ಜನ ನೆಲ ಕಾಣದಷ್ಟು ಕಿಕ್ಕಿರಿದು ದುಡಿಯುತ್ತಿದ್ದುದನ್ನು ಬರೆದಿದ್ದಾನೆ. ಏರಿ ಮತ್ತೆ ಮತ್ತೆ ಒಡೆದಾಗ ನರಬಲಿ ಕೊಟ್ಟದ್ದನ್ನೂ ಬರೆದಿದ್ದಾನೆ. ಕಿರಿಸೊಸೆ ಭಾಗೀರಥಿಯನ್ನು ಕೆರೆಗೆ ಆಹುತಿ ಕೊಡುವ ‘ಕೆರೆಗೆ ಹಾರ’ ಕಥನಗೀತೆ ಇಂದಿಗೂ ಕೇಳಿದವರ ಎದೆ ಕಲಕುವುದು ಅದರಲ್ಲಿ ಊರಿನ ಹಿತಕ್ಕೆ ತೆತ್ತ ಬೆಲೆಯ ನೆನಪಿರುವುದರಿಂದ. ಮಣ್ಣು ಹೊತ್ತವರು ಯಾರು, ಗದ್ದೆಯ ಒಡೆಯರು ಯಾರು ಎಂಬ ಪ್ರಶ್ನೆಗೆ ಜಾತಿಯ ಉತ್ತರವೇ ಸಿಗುತ್ತದೆ. ನೀರಗಂಟಿಯ ಕೆಲಸ ಹಲವು ಊರುಗಳಲ್ಲಿ ದಲಿತ ಮನೆತನಗಳ ಪಾಲಿಗಿತ್ತು; ಊರಿಗೆಲ್ಲ ನೀರು ಹಂಚುವ ಕೈ, ಊರಿನ ಬಾವಿಯ ನೀರು ಸೇದುವಂತಿರಲಿಲ್ಲ. ಆ ಅನ್ಯಾಯವನ್ನು ಮರಳಿ ತರಬೇಕೆಂದು ಯಾರೂ ಬಯಸಲಾರರು. ಆದರೆ ಈ ಆಕ್ಷೇಪ ಬೊಟ್ಟು ಮಾಡುವುದೂ ಏರಿಯ ಕಡೆಗೇ. ದುಡಿದವರ ಹೆಸರು ಶಾಸನದಲ್ಲಿಲ್ಲ, ಅವರು ಹೊತ್ತ ಮಣ್ಣು ಏರಿಯಲ್ಲಿದೆ. ಏರಿ ಯಾವುದು, ತೂಬು ಯಾವುದು, ಅಚ್ಚುಕಟ್ಟು ಎಲ್ಲಿತ್ತು ಎಂಬುದೇ ಗುರುತು ಸಿಗದಂತೆ ಕೆರೆಯನ್ನು ದುಂಡಗೆ ಮಾಡಿಟ್ಟರೆ ಆ ದುಡಿಮೆಯ ಕೊನೆಯ ಸಾಕ್ಷಿಯೂ ಅಳಿಸಿಹೋಗುತ್ತದೆ. ಇಂದಿನ ಸುತ್ತುಹಾದಿಯೂ ಸಮಾನತೆಯ ಹಾದಿಯಾಗಿ ಬಂದಿಲ್ಲ. ಸೊಪ್ಪು ಕೀಳುವವಳಿಗೆ, ದನ ಮೇಯಿಸುವವನಿಗೆ ಗೇಟಿನ ಹೊರಗೇ ಜಾಗ ತೋರಿಸಿದೆ.

ಉಳಿದದ್ದು ಎಲ್ಲರಿಗೂ ಮೊದಲು ಹೊಳೆಯುವ ಪ್ರಶ್ನೆ: ರಾಜಕಾಲುವೆಯ ಪಕ್ಕ ನಡೆಯುವುದು ಸಾಧ್ಯವೇ? ನಗರದ ಬಹುಪಾಲು ಕಡೆ ಅದು ಮೂಗು ಮುಚ್ಚಿಕೊಂಡು ದಾಟಬೇಕಾದ ಕಾಂಕ್ರೀಟ್ ಚರಂಡಿ, ಎಷ್ಟೋ ಕಡೆ ಕಟ್ಟಡಗಳ ಅಡಿಯಲ್ಲಿ ಹೂತುಹೋದ ಚರಂಡಿ. ಆದರೆ ಅಸಾಧ್ಯವೆಂಬುದಕ್ಕೆ ವಿರುದ್ಧವಾದ ಪುರಾವೆಯೂ ಈಗ ಇದೆ. ಕೆ-100 ಎಂಬ ಹೆಸರಿನಲ್ಲಿ, ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರಿನ ಕಡೆಗೆ ಹರಿಯುವ ಕೋರಮಂಗಲ ಕಣಿವೆಯ ರಾಜಕಾಲುವೆಗೆ ಕೊಳಚೆ ಸೇರದಂತೆ ತಡೆದು, ಅಂಚಿನಲ್ಲಿ ಜನ ನಡೆಯಲು ಹಾದಿ ಮಾಡುವ ಕೆಲಸ ಕೆಲವು ವರ್ಷಗಳಿಂದ ನಡೆದಿದೆ. ಅದರಲ್ಲಿ ಕುಂದುಕೊರತೆ ಬೇಕಾದಷ್ಟಿರಬಹುದು. ಚರಿತ್ರೆಯ ದೃಷ್ಟಿಯಿಂದ ಅದರ ಮಹತ್ವ ಬೇರೆ. ಧರ್ಮಾಂಬುಧಿಯ ಅಂಗಳದ ಆಸುಪಾಸಿನಲ್ಲಿ ಶುರುವಾಗಿ ಬೆಳ್ಳಂದೂರಿನತ್ತ ಇಳಿಯುವ ಆ ಹಾದಿಯಲ್ಲಿ ನಡೆದವರಿಗೆ, ಕಳೆದುಹೋದ ಕೆರೆಯೂ ಕಾಯಿಲೆ ಬಿದ್ದ ಕೆರೆಯೂ ಒಂದೇ ನೀರಿನ ಎರಡು ನಿಲುಗಡೆಗಳೆಂದು ಕಾಲಿಗೇ ತಿಳಿಯುತ್ತದೆ. ಹೊರಗಣ ಬೆಂಗಳೂರಿನಲ್ಲಿ ಇದು ಇನ್ನೂ ಸುಲಭ. ಜಕ್ಕೂರಿನ ಮೇಲ್ಬದಿಯಲ್ಲಿ ಕೊಳಚೆ ಶುದ್ಧೀಕರಣ ಘಟಕದಿಂದ ಹೊರಬಂದ ನೀರು ಜೊಂಡಿನ ಜೌಗಿನಲ್ಲಿ ಹಾದು ಕೆರೆಗೆ ಇಳಿಯುತ್ತದೆ. ಅಲ್ಲಿಂದ ಏರಿಯ ಮೇಲೆ ಬಂದು, ಕೋಡಿ ಹುಡುಕಿ, ರಾಚೇನಹಳ್ಳಿಯವರೆಗೆ ಸೈಕಲ್ಲಿನಲ್ಲಿ ಹೋದರೆ ಒಂದು ಸರಣಿಯ ಒಂದು ಕೊಂಡಿಯಾದರೂ ಕಣ್ಣಿಗೆ ಬೀಳುತ್ತದೆ. ಹಳೆಯ ಗ್ರಾಮನಕ್ಷೆಗಳಲ್ಲಿ ಕೆರೆ, ಕಾಲುವೆ, ಗುಂಡುತೋಪು, ಗೋಮಾಳ ಎಲ್ಲವೂ ಗೆರೆ ಎಳೆದು ಗುರುತಾಗಿವೆ. ನಡಿಗೆಯ ಹಾದಿಗೆ ಯೋಜನೆ ಹಾಕುವವರು ಆ ನಕ್ಷೆಯ ಗೆರೆಗಳಿಂದ ಶುರುಮಾಡಬಾರದೇಕೆ? ಏರಿಯ ಬದಿಗೆ ಗಟ್ಟಿ ಹಾದಿ ಇರಲಿ, ಎದುರಿನ ಬದಿ ಕೆಸರಾಗಿಯೇ ಉಳಿಯಲಿ, ಹಾದಿಯ ಇನ್ನೊಂದು ತುದಿ ಕೋಡಿಯಿಂದ ಇಳಿದು ಮುಂದಿನ ಕೆರೆಗೆ ಹೋಗಲಿ. ಇದಕ್ಕೆ ಹೊಸ ಕೆರೆ ಕಟ್ಟುವಷ್ಟು ಮಣ್ಣು ಹೊರಬೇಕಾಗಿಲ್ಲ.

ಸರಣಿ ಹಳೆಯ ಕಾಲದ ವಿಚಾರ, ಈಗ ಅದಕ್ಕೆ ಕೆಲಸವಿಲ್ಲ ಎನ್ನುವವರು ಕೋಲಾರದ ಕಡೆ ನೋಡಬೇಕು. 2018ರ ಜೂನ್‌ನಿಂದ ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರನ್ನು ಪಂಪಿನಿಂದ ಎತ್ತಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಿಡಲಾಗುತ್ತಿದೆ. ಪಂಪಿನ ಕೆಲಸ ಬಹುಮಟ್ಟಿಗೆ ಅಲ್ಲಿಯವರೆಗೆ. ಆ ಕೆರೆ ತುಂಬಿ ಕೋಡಿ ಬಿದ್ದ ಮೇಲೆ ನೀರು ಹಳೆಯ ಹಳ್ಳ ಕಾಲುವೆಗಳಲ್ಲಿ ತನ್ನ ತೂಕಕ್ಕೆ ತಾನೇ ಇಳಿದು ಮುಂದಿನ ಕೆರೆಗೆ, ಅದರ ಮುಂದಿನ ಕೆರೆಗೆ ಹೋಗುತ್ತದೆ. ನೂರಕ್ಕೂ ಹೆಚ್ಚು ಕೆರೆಗಳನ್ನು ತುಂಬಿಸುವ ಈ ಯೋಜನೆಯನ್ನು ಇಂಥ ವೆಚ್ಚದಲ್ಲಿ ಯೋಚಿಸಲು ಸಾಧ್ಯವಾದದ್ದೇ, ಯಾರ್ಯಾರೋ ಎಂದೋ ಕಟ್ಟಿದ ಏರಿಗಳೂ ಕೋಡಿಗಳೂ ಅಲ್ಲಿ ಇನ್ನೂ ಒಂದರ ಕೆಳಗೊಂದು ನಿಂತಿರುವುದರಿಂದ. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೆಯ ಹಂತವೂ ಬೇಕು ಎಂದು ಕೋಲಾರದ ರೈತರು ಪಟ್ಟು ಹಿಡಿದರು. ಜಗಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಮೇಲಿನ ಊರಿನವರು ಕೆಳಗಿನ ಊರಿಗೆ ಎಂಥ ನೀರು ಬಿಡಬೇಕು ಎಂಬ, ಹಿಂದೆ ಎರಡು ಹಳ್ಳಿಗಳ ಹಿರಿಯರು ಏರಿಯ ಮೇಲೆ ಕುಳಿತು ಬಗೆಹರಿಸಿಕೊಳ್ಳುತ್ತಿದ್ದ ವ್ಯಾಜ್ಯವೇ ಅದು. ಈಗ ಮೇಲಿನ ಊರು ಬೆಂಗಳೂರು, ಕೆಳಗಿನ ಊರು ಕೋಲಾರದ ಬಯಲು. ಬೆಳ್ಳಂದೂರಿನ ಮೇಲಿನ ಬಡಾವಣೆಯೊಂದರ ಬಚ್ಚಲಿನ ನೀರಿಗೂ ಲಕ್ಷ್ಮೀಸಾಗರದ ಕೆಳಗಿನ ರಾಗಿ ಹೊಲಕ್ಕೂ ನಡುವೆ ಇರುವುದು ಒಂದು ಕೊಳವೆ ಮತ್ತು ಕೆಲವು ಕೋಡಿಗಳು.